ನೀಲಾಂಬಿಕೆ ಬಿಟ್ಟ ತುತ್ತು

ಬಣಕಲ್‌ನಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ರೇಣುಕಪ್ರಸಾದನ ಅಂಗಡಿ. ಮುಂದುಗಡೆ ಅಕ್ಕಿ, ಬೇಳೆ, ಗೊಬ್ಬರದ ಚೀಲ, ಹಿಂದುಗಡೆ ಮನೆ. ಎರಡರ ನಡುವಿನ ಬಾಗಿಲ ಪಕ್ಕ ಕಾಳುಮೆಣಸಿನ ಮೂಟೆ ತೂಗುವ ಮಶೀನು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದಾಗ ಅವನ ಹೆಂಡತಿ ನೀಲಾಂಬಿಕೆ ಅತ್ತ ಇತ್ತ ನೋಡಿ ಆ ಮಶೀನು ಹತ್ತುತ್ತಿದ್ದಳು. 2007ರ ಸೆಪ್ಟೆಂಬರಿನಲ್ಲಿ ಅದು ನೂರಾ ಹದಿನೇಳು ಕಿಲೋ ತೋರಿಸಿತ್ತು. ಮರುವರ್ಷದ ಫೆಬ್ರುವರಿಯಲ್ಲಿ ಎಂಬತ್ತೆರಡು.

ಮೂವತ್ತೈದು ಕಿಲೋ ಇಳಿಸಿದವಳು ಕುಣಿಯಬೇಕಿತ್ತು. ಕುಣಿಯುವ ಮಾತಿರಲಿ, ಮಶೀನಿನಿಂದ ಇಳಿಯುವಾಗ ಅವಳು ಗೋಡೆ ಹಿಡಿದುಕೊಳ್ಳುತ್ತಿದ್ದಳು.

ಅವಳ ದಿನ ಬೆಳಗಿನ ಐದೂಮುಕ್ಕಾಲಿಗೆ ಶುರು. ಎದ್ದ ಕೂಡಲೇ ಬಿಸಿನೀರು. ಗಟಗಟ ಕುಡಿಯುವಂತಿಲ್ಲ, ಹಕ್ಕಿ ಕೊಕ್ಕಿಟ್ಟ ಹಾಗೆ ಗುಟುಕು ಗುಟುಕು. ಒಂದು ಲೋಟಕ್ಕೆ ಇಪ್ಪತ್ತು ನಿಮಿಷ. ಆಮೇಲೆ ಕಬ್ಬಿಣದ ಮಾತ್ರೆ. ಸುಣ್ಣದ ಮಾತ್ರೆಯನ್ನು ಅದರ ಜೊತೆ ನುಂಗಬಾರದು, ಎರಡು ಗಂಟೆ ಬಿಡಬೇಕು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಇಳಿದ ಹೊಟ್ಟೆಯ ಚರ್ಮ ಜೋತು ಮಡಿಕೆ ಬಿದ್ದು, ಆ ಮಡಿಕೆಯೊಳಗೆ ಬೆವರು ನಿಂತು ಕೆಂಪಗೆ ಸುಲಿಯುತ್ತಿತ್ತು. ಸ್ನಾನವಾದ ಮೇಲೆ ಹಳೆ ವಾಯಿಲ್ ಸೀರೆಯ ತುಂಡಿನಿಂದ ಒತ್ತಿ ಒರೆಸಿ, ಪೌಡರ್ ಹಾಕಿ, ನಡುವೆ ಒಂದು ಒಣ ಬಟ್ಟೆಯ ಪಟ್ಟಿ ಇಟ್ಟುಕೊಳ್ಳಬೇಕು. ರವಿಕೆಗಳಿಗೆ ಮೂರು ಸಲ ಹೊಲಿಗೆ ಹಿಡಿದಾಗಿತ್ತು. ಇದೆಲ್ಲ ಮುಗಿಯುವಷ್ಟರಲ್ಲಿ ಮಗಳು ಕೃತಿಕಾಳನ್ನು ಎಬ್ಬಿಸಿ ಶಾಲೆಗೆ ಹೊರಡಿಸುವ ಹೊತ್ತು. ಎಂಟು ಗಂಟೆಗೇ ಅವಳಿಗೆ ಸಂಜೆಯಾದಷ್ಟು ದಣಿವು.

ಊಟವಂತೂ ಒಂದು ಕೆಲಸವೇ ಆಗಿತ್ತು. ಬೇಯಿಸಿ ಮಸೆದ ಹೆಸರುಬೇಳೆ ಮೂರು ಚಮಚ, ಮೆತ್ತಗಿನ ಅನ್ನ ಒಂದು ಚಮಚ. ಪ್ರತಿ ತುತ್ತನ್ನೂ ಇಪ್ಪತ್ತೈದು ಸಲ ಅಗಿಯಬೇಕು. ಭಾನುವಾರದ ಬೆಳಗಿನ ತಿಂಡಿಗೆ ಆರು ವರ್ಷದ ಕೃತಿಕಾ ಎದುರು ಕೂತು ಎಣಿಸುವಳು.

"ಇಪ್ಪತ್ಮೂರು, ಇಪ್ಪತ್ನಾಕು, ಇಪ್ಪತ್ತೈದು... ಹೂಂ, ಈಗ ನುಂಗು! ಅಮ್ಮ, ನೀನು ಹಸು ಥರ ತಿಂತೀಯ."

"ಹಸುಗಾದ್ರೆ ನಾಕು ಹೊಟ್ಟೆ ಮಗಾ. ನಂಗೆ ಅರ್ಧ."

ಅರ್ಧವೂ ಇರಲಿಲ್ಲ. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಅವಳ ಹೊಟ್ಟೆಯ ಮೇಲ್ತುದಿಯಲ್ಲಿ ಒಂದು ನಿಂಬೆಹಣ್ಣು ಹಿಡಿಸುವಷ್ಟು ಚೀಲ ಮಾತ್ರ ಉಳಿಸಿ, ಕರುಳನ್ನು ತಂದು ನೇರ ಅದಕ್ಕೇ ಜೋಡಿಸಿದ್ದರು. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆಯವರೆಗೂ ಬೇಡ. ಸಿಹಿ ಬೇಡ. ಸಾಕು ಅನ್ನಿಸಿದ ಮೇಲೆ ಒಂದು ಅಗುಳೂ ಬೇಡ. ಈ ಕಟ್ಟಳೆಗಳಲ್ಲಿ ಕೊನೆಯದೇ ಅವಳ ಕೈಲಾಗದ್ದು.

ಏಕೆಂದರೆ ನೀಲಾಂಬಿಕೆ ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ತಟ್ಟೆಯಲ್ಲಿ ಅನ್ನ ಬಿಟ್ಟವರಿಲ್ಲ. ಅವಳಪ್ಪ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಮಾಸ್ತರಾಗಿದ್ದವರು. ಲಿಂಗಪೂಜೆ ಮುಗಿಸಿ ತಟ್ಟೆಯ ಮುಂದೆ ಕೂತರೆ, ತಟ್ಟೆಗೆ ಬಂದದ್ದೆಲ್ಲ ಪ್ರಸಾದ ಎನ್ನುವರು. ಅಗುಳು ಬಿಡದೆ ಉಂಡು, ತಟ್ಟೆಗೇ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಬಳಿದು ತೊಳೆದು, ಆ ನೀರನ್ನು ಕುಡಿದು ಏಳುವರು. ಮಕ್ಕಳೂ ಹಾಗೇ. ಬಣಕಲ್‌ನ ಮನೆಯಲ್ಲೂ ಅದೇ ನಡೆ. ಮದುವೆಯಾದ ಮೇಲೆ ಅವಳ ಪಾಲಿಗೆ ಇನ್ನಷ್ಟು ಸೇರಿತು. ಪಾತ್ರೆಯ ತಳದ ಅನ್ನ, ಮಗಳು ಅರ್ಧ ತಿಂದ ದೋಸೆ, ಅಂಗಡಿಯಿಂದ ಗಂಡ ತಡವಾಗಿ ಬಂದು ಬೇಡವೆಂದ ರೊಟ್ಟಿ. ಯಾವುದನ್ನೂ ಚೆಲ್ಲಲು ಕೈ ಬಾರದೆ ಎಲ್ಲರ ಉಳಿಕೆಗೂ ತನ್ನ ಹೊಟ್ಟೆಯನ್ನೇ ಉಗ್ರಾಣ ಮಾಡಿಕೊಂಡಳು.

ಬಾಣಂತನದ ಮೇಲೆ ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು. ಆದರೆ ಆಪರೇಷನ್ನಿಗೆ ಅವಳು ಮನಸ್ಸು ಗಟ್ಟಿ ಮಾಡಿದ್ದು ಕಾಯಿಲೆಗೆ ಹೆದರಿಯಲ್ಲ. ಒಂದು ದಿನ ಶಾಲೆ ಬಿಟ್ಟಾಗ ಕೃತಿಕಾ ಅವಳ ಕೈ ಕೊಸರಿಕೊಂಡು ರಸ್ತೆಗೆ ಓಡಿದಳು. ಘಾಟಿ ಇಳಿಯುವ ಲಾರಿ ಬರುತ್ತಿತ್ತು. ನೀಲಾಂಬಿಕೆ ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟಳು, ಐದನೆಯದಕ್ಕೆ ಉಸಿರಿರಲಿಲ್ಲ. ಯಾರೋ ಆಟೋದವನು ಹಾರಿ ಮಗುವನ್ನು ಎಳೆದುಕೊಂಡ. ಆ ಐದನೆಯ ಹೆಜ್ಜೆಗಾಗಿ ಅವಳು ಹೊಟ್ಟೆ ಕೊಯ್ಯಿಸಿಕೊಂಡಳು.

ಅತ್ತೆ ಶಿವಗಂಗಮ್ಮನ ಮುಂದೆ ವಿಷಯ ಎತ್ತಿದಾಗ ಅವರು ನಕ್ಕಿದ್ದರು.

"ಉಣ್ಣದು ಕಮ್ಮಿ ಮಾಡಕ್ಕೆ ಯಾರಾದ್ರೂ ಹೊಟ್ಟೆ ಕೊಯ್ಸ್ಕೋತಾರನೇ? ನಾಲ್ಗೆ ಹಿಡ್ಕೊಂಡ್ರೆ ಸಾಲ್ದಾ?"

ರೇಣುಕಪ್ರಸಾದನಿಗೆ ಗಿರಾಕಿಗಳ ಜೊತೆ ಚೌಕಾಸಿ ಮಾಡುವ ಧೈರ್ಯವಿತ್ತು. ಅಮ್ಮನ ಜೊತೆ ಇರಲಿಲ್ಲ. "ಪಿತ್ತಕೋಶದಲ್ಲಿ ಕಲ್ಲು ಅಂತ ಹೇಳಣ. ಆಮೇಲೆ ನಿಧಾನಕ್ಕೆ ನಿಜ ಹೇಳಿದ್ರಾಯ್ತು" ಎಂದ. ಆ ನಿಧಾನ ಐದು ತಿಂಗಳಾದರೂ ಬಂದಿರಲಿಲ್ಲ.

ಶಿವಗಂಗಮ್ಮ ಕೆಟ್ಟವರಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಕಲ್ಲಿನ ಆಪರೇಷನ್ ಆದ ಸೊಸೆ ದಿನದಿನಕ್ಕೆ ಇಳಿದುಹೋಗುತ್ತಿರುವುದನ್ನು ಕಂಡು ಅವರು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಕೊಬ್ಬರಿ ತುರಿದು, ಅಂಟು ತುಪ್ಪದಲ್ಲಿ ಹುರಿದು, ಬೆಲ್ಲದ ಪಾಕ ಹಿಡಿದು ತಾವೇ ಅಂಟಿನುಂಡೆ ಕಟ್ಟಿದರು. ಎಪ್ಪತ್ತರ ಹತ್ತಿರದ ಕೈ, ಗಂಟುನೋವಿನ ಬೆರಳು. ಅದನ್ನು ಬೇಡವೆನ್ನುವುದು ಹೇಗೆ? ನೀಲಾಂಬಿಕೆ ಅರ್ಧ ಉಂಡೆ ತಿಂದಳು. ಕಾಲು ಗಂಟೆಯಲ್ಲಿ ಎದೆ ಡವಡವ, ಮೈಯೆಲ್ಲ ತಣ್ಣನೆ ಬೆವರು, ಹೊಟ್ಟೆಯಲ್ಲಿ ತಿರುಚು. ನೆಲಕ್ಕೆ ಕೆನ್ನೆ ಒತ್ತಿ ಮಲಗಿದಳು. ಮಾರನೆಯ ದಿನದಿಂದ ಉಂಡೆಗಳು ಸೆರಗಿನ ಮರೆಯಲ್ಲಿ ಹಿತ್ತಲು ದಾಟಿ, ಪಾತ್ರೆ ತಿಕ್ಕುವ ತಿಮ್ಮಮ್ಮನ ಪಾಲಾದವು.

"ಅಮ್ಮಾರೆ, ನಿಮ್ಮತ್ತೆ ಉಂಡೆ ತಿಂದೂ ತಿಂದೂ ನನ್ ರವಿಕೆ ಬಿಗೀತಾ ಅದೆ. ನಿಮ್ಗೆ ಆದ ಕಲ್ಲು ನಂಗೂ ಆತದೋ ಏನೋ" ಎಂದು ತಿಮ್ಮಮ್ಮ ಕಿಸಕ್ಕನೆ ನಗುವಳು.

ಉಂಡೆಯನ್ನು ದಾಟಿಸಬಹುದು, ತಟ್ಟೆಯನ್ನು ದಾಟಿಸಲಾಗುವುದಿಲ್ಲ. ಮಧ್ಯಾಹ್ನ ಅತ್ತೆ ಎದುರಿಗೇ ಕೂರುವರು. "ಇಷ್ಟೇನಾ? ಗುಬ್ಬಿ ತಿಂದಂಗೆ ತಿಂದ್ರೆ ಮೈ ಹಿಡಿಯದು ಎಂದಿಗೆ?" ಎಂದು ಇನ್ನೊಂದು ಸೌಟು ಹಾಕುವರು. ಹಾಕಿದ ಮೇಲೆ ಅದು ಪ್ರಸಾದ. ಕೈಯನ್ನು ತಟ್ಟೆಗೆ ಅಡ್ಡ ಹಿಡಿಯಬೇಕೆಂದು ನೀಲಾಂಬಿಕೆ ದಿನವೂ ಎಣಿಸುವಳು. ಕೈ ಏಳುತ್ತಿರಲಿಲ್ಲ. ಹಾಕಿದ್ದನ್ನೆಲ್ಲ ನುಂಗಿ, ತಟ್ಟೆ ತೊಳೆದ ನೀರನ್ನೂ ಕುಡಿದು, ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂಥ ನೋವನ್ನು ಹೊತ್ತು, ಏನೋ ಒಗೆಯುವ ನೆವ ಮಾಡಿ ಹಿತ್ತಲ ನಲ್ಲಿಗೆ ಹೋಗಿ ಎಲ್ಲವನ್ನೂ ಕಕ್ಕುವಳು. ನಲ್ಲಿಯನ್ನು ಜೋರಾಗಿ ತಿರುಗಿಸಿದರೆ ಸದ್ದು ಒಳಗೆ ಕೇಳುವುದಿಲ್ಲ. ಮೊದಮೊದಲು ವಾರಕ್ಕೊಂದು ಸಲ ಇದ್ದದ್ದು ಜನವರಿಯ ಹೊತ್ತಿಗೆ ದಿನವೂ ಆಯಿತು. ಕಾಲಿನ ಬೆರಳು ಜುಮ್ಮೆನ್ನತೊಡಗಿದವು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಕೈಯಿಂದ ತಾನಾಗೇ ಜಾರಿತು.

ಫೆಬ್ರುವರಿಯ ಎರಡನೇ ಸೋಮವಾರ ಅವಳು ಅಂಗಡಿಯ ಫೋನಿನಿಂದ ಬೆಂಗಳೂರಿನ ಆಸ್ಪತ್ರೆಗೆ ಮಾತಾಡಿದಳು. ಅಲ್ಲಿ ಊಟದ ಕ್ರಮ ಹೇಳಿಕೊಡುವ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ಡಾಕ್ಟರನ್ನು ವಿಚಾರಿಸಿ, ಮತ್ತೆ ಫೋನು ಹಿಡಿದರು.

"ದಿನಾ ವಾಂತಿ ಅಂದ್ರೆ ಹುಡುಗಾಟ ಅಲ್ಲ. ಕಾಲು ಜುಮ್ಮನ್ನೋದು ವಿಟಮಿನ್ ಇಳಿದಿರೋ ಗುರುತು. ಹೀಗೇ ಬಿಟ್ರೆ ನರಕ್ಕೆ ಪೆಟ್ಟು ಬಿದ್ದು ನಡೆಯೋದೇ ಕಷ್ಟ ಆಗತ್ತೆ. ಇಂಜೆಕ್ಷನ್ ಹೆಸರು ಬರ್ಕೊಳ್ಳಿ, ಇವತ್ತಿಂದಾನೇ ಶುರು ಮಾಡಿ. ಒಂದು ವಾರದಲ್ಲಿ ವಾಂತಿ ನಿಲ್ಲದಿದ್ರೆ ಬಂದು ಅಡ್ಮಿಟ್ ಆಗ್ಬೇಕು."

"ಎಷ್ಟು ದಿನ ಮೇಡಂ?"

"ಅದನ್ನ ಈಗ ಹೇಳಕ್ಕಾಗಲ್ಲ. ಅಲ್ಲ, ನಿಮ್ಮನೇಲಿ ಬಡಿಸೋರಿಗೆ ವಿಷಯ ಗೊತ್ತಲ್ವಾ?"

"ಗೊತ್ತು" ಎಂದಳು ನೀಲಾಂಬಿಕೆ. ಫೋನಿಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ಓಡಲಾಗದ ಕಾಲಿಗೆಂದು ಇಷ್ಟೆಲ್ಲ ಮಾಡಿಸಿಕೊಂಡದ್ದು. ಈಗ ನಡೆಯುವ ಕಾಲಿಗೇ ಸಂಚಕಾರ.

ಅಂದೇ ಕಾಂಪೌಂಡರ್ ಓಂಕಾರಪ್ಪನ ಹತ್ತಿರ ಇಂಜೆಕ್ಷನ್ ಶುರು ಮಾಡಿಸಿಕೊಂಡಳು. ಸಂಜೆ ಗಂಡನಿಗೆ ಹೇಳಿದಳು.

"ಇವತ್ತು ಅತ್ತೆಗೆ ಹೇಳ್ಬಿಡಿ."

"ಭಾನುವಾರ ಅಪ್ಪನ ಗಣಾರಾಧನೆ ಇಟ್ಕೊಂಡು ಈಗ ಎಂತಕ್ಕೆ ಮಾರಾಯ್ತಿ? ನೆಂಟ್ರೆಲ್ಲ ಬರ್ತಾರೆ. ಅದೊಂದು ಮುಗೀಲಿ."

"ಅಷ್ಟರೊಳಗೆ ನಾನು ಮುಗಿದ್ರೆ?"

"ಛೆ, ಬಾಯಿ ಬಿಟ್ರೆ ಅಪಶಕುನ" ಎಂದು ಅವನು ಅಂಗಡಿಯ ಕಡೆ ನಡೆದ. ಅಲ್ಲಿ ಗಿರಾಕಿ ಯಾರೂ ಇರಲಿಲ್ಲ.

ಗಣಾರಾಧನೆ ಎಂದರೆ ತೀರಿಕೊಂಡ ಮಾವನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಅಯ್ಯನವರನ್ನು ಕರೆಸಿ, ಪಾದಪೂಜೆ ಮಾಡಿ, ನೆಂಟರಿಷ್ಟರಿಗೆ ಊಟ ಹಾಕುವ ದಿನ. ಶನಿವಾರವೇ ಅತ್ತೆಯ ತಂಗಿ ಪಾಪಮ್ಮ ಚಿಕ್ಕಮಗಳೂರಿನಿಂದ ಬಸ್ಸಿಳಿದರು. ಹೊಸಿಲು ದಾಟುವ ಮೊದಲೇ ನೀಲಾಂಬಿಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನೇ ಇದು! ಕಲ್ಲು ತೆಗೆದ್ರೋ, ಗುಡ್ಡಾನೇ ತೆಗೆದ್ರೋ?"

ಎಲ್ಲರೂ ನಕ್ಕರು. ನೀಲಾಂಬಿಕೆಯೂ ನಕ್ಕಳು.

"ನಗ್ಬೇಡ್ರೇ. ಮುಖದಲ್ಲಿ ಕಳೇನೇ ಇಲ್ಲ ಹುಡುಗಿಗೆ. ಅಕ್ಕಾ, ನಿನ್ ಸೊಸೆಗೆ ನೀನು ಹೊಟ್ಟೆಗೆ ಹಾಕ್ತೀಯೋ ಇಲ್ಲೋ?"

ತಮಾಷೆಗೆ ಆಡಿದ ಮಾತು. ಆದರೆ ಶಿವಗಂಗಮ್ಮನ ಮುಖ ಸಣ್ಣಗಾದದ್ದನ್ನು ನೀಲಾಂಬಿಕೆ ಕಂಡಳು. ನಾಳೆ ಊಟಕ್ಕೆ ಕೂತಾಗ ಇದರ ಬಡ್ಡಿ ತನ್ನ ತಟ್ಟೆಗೇ ಬೀಳುತ್ತದೆ ಎಂದು ಅವಳಿಗೆ ಆಗಲೇ ಗೊತ್ತಾಯಿತು.

ಭಾನುವಾರ ಅಯ್ಯನವರ ಊಟವಾಯಿತು, ಗಂಡಸರದ್ದಾಯಿತು. ಕೊನೆಯ ಸಾಲಿನಲ್ಲಿ ಹದಿನೈದು ಹೆಂಗಸರ ನಡುವೆ ನೀಲಾಂಬಿಕೆ ಕೂತಳು. ಅನ್ನದ ಬುಟ್ಟಿ ಬಂದಾಗ "ಸ್ವಲ್ಪ, ಸ್ವಲ್ಪ" ಎಂದಳು. ಬಡಿಸುವ ಮನೆಯಲ್ಲಿ ಆ ಮಾತನ್ನು ಸಂಕೋಚ ಎಂದೇ ತಿಳಿಯುತ್ತಾರೆ. ಪಾಪಮ್ಮ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದರು.

"ಚಿಕ್ಕಮ್ಮ, ಹೋಳಿಗೆ ಬೇಡ. ನಂಗೆ ಸೇರಲ್ಲ."

"ಭಾವನ ಹೆಸರಿನ ಪ್ರಸಾದ ಕಣೇ, ಸೇರದೆ ಎಲ್ಲಿ ಹೋಗತ್ತೆ?"

ಹಿಂದೆಯೇ ಶಿವಗಂಗಮ್ಮ ಬಂದರು. ತಂಗಿಯ ಮಾತು ಅವರನ್ನು ಇನ್ನೂ ಚುಚ್ಚುತ್ತಿತ್ತು. ಮಾತಾಡದೆ, ಬಗ್ಗಲಾರದ ಸೊಂಟವನ್ನು ಬಗ್ಗಿಸಿ, ಅನ್ನದ ಮೇಲೆ ಇನ್ನೊಂದು ಸೌಟು ಅನ್ನ ಹಾಕಿ, ಸೊಸೆಯ ತಲೆ ಸವರಿ ಮುಂದಕ್ಕೆ ಹೋದರು.

ಮೂರನೆಯ ತುತ್ತಿಗೇ ಸಾಕಾಯಿತು. ಸಾಲಿನವರೆಲ್ಲ ಉಂಡು, ತಟ್ಟೆ ತೊಳೆದು ಕುಡಿದು, ಕೈ ಕಟ್ಟಿ ಕೂತರು. ಸಾಲು ಏಳುವುದಾದರೆ ಒಟ್ಟಿಗೇ ಏಳಬೇಕು. ನೀಲಾಂಬಿಕೆಯ ಮುಂದೆ ಅನ್ನ ಹಾಗೇ ಇತ್ತು, ಹೋಳಿಗೆ ಮುಕ್ಕಾಲು ಇತ್ತು.

"ಕೈ ಒಣಗ್ತಾ ಅದೆ ನೀಲಾ, ಬೇಗ ಬೇಗ" ಎಂದರು ಪಕ್ಕದಲ್ಲಿದ್ದ ಮುದುಕಿಯೊಬ್ಬರು, ಪ್ರೀತಿಯಿಂದಲೇ.

ಆಗಲಾದರೂ ಏಳಬಹುದಿತ್ತು. ಬದಲಿಗೆ ಅವಳು ತಲೆ ತಗ್ಗಿಸಿ, ಇಪ್ಪತ್ತೈದು ಎಣಿಸದೆ, ಐದೂ ಎಣಿಸದೆ ನುಂಗಿದಳು. ತಟ್ಟೆಗೆ ನೀರು ಹಾಕಿಕೊಂಡಳು. ಹದಿನೈದು ಜನ ನೋಡುತ್ತಿರುವಂತೆ ಬೆರಳಿನಿಂದ ಬಳಿದು ತೊಳೆದು, ಎತ್ತಿ ಕುಡಿದಳು. ಸಾಲು ಎದ್ದಿತು.

ಹಿತ್ತಲ ನಲ್ಲಿಯವರೆಗೆ ಹೋಗಲಾಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಕಾಲು ಮಡಚಿಕೊಂಡಿತು. ಬಂದದ್ದೆಲ್ಲ ಸೀರೆಯ ಮೇಲೇ ಬಂತು. ಎದೆ ಬಡಿತ ಕಿವಿಯಲ್ಲಿ ಕೇಳುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೃತಿಕಾ ಕಿರುಚಿದಳು. ತಿಮ್ಮಮ್ಮ ಬೂದಿ ಮೆತ್ತಿದ ಕೈಯಲ್ಲೇ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಶಿವಗಂಗಮ್ಮ ಒಂದು ಲೋಟ ಬೆಲ್ಲದ ನೀರು ಹಿಡಿದು ಎದುರಿಗೆ ಕುಕ್ಕರಿಸಿದರು.

"ಕುಡಿ ಮಗಾ. ಸುಸ್ತಿಗೆ ಒಳ್ಳೇದು. ಒಂದೇ ಗುಟುಕು."

ಲೋಟ ತುಟಿಯ ಹತ್ತಿರ ಬಂತು. ಬೆಲ್ಲದ ವಾಸನೆ. ಇದೂ ಒಳಗೆ ಹೋದರೆ ನಾಳೆ ಬೆಂಗಳೂರು, ನಾಡಿದ್ದು ಮಂಚ, ಅದರಾಚೆ ಏನೋ. ನೀಲಾಂಬಿಕೆ ಕೈಯೆತ್ತಿ ಲೋಟವನ್ನು ದೂರ ತಳ್ಳಿದಳು. ಅತ್ತೆಯ ಮುಂಗೈ ಮೇಲೆಲ್ಲ ನೀರು ತುಳುಕಿತು.

"ಬೇಡ ಅತ್ತೆ. ಕಲ್ಲಲ್ಲ ನಾನು ತೆಗ್ಸಿದ್ದು."

"ಎಂತ ಹೇಳ್ತಿದೀಯ?"

"ಹೊಟ್ಟೆ ಚಿಕ್ಕದು ಮಾಡ್ಸ್ಕೊಂಡಿದೀನಿ. ಇಷ್ಟೇ ಇರೋದು." ಅವಳು ಬೆರಳು ಸುತ್ತಿ ತೋರಿಸಿದಳು. "ನೀವು ಬೇಡ ಅಂದಿದ್ರಿ. ನಾವು ಸುಳ್ಳು ಹೇಳಿ ಹೋದ್ವಿ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಪಾಪಮ್ಮ ಕೃತಿಕಾಳ ಕೈ ಹಿಡಿದು ಒಳಗೆ ಕರೆದೊಯ್ದರು. ಶಿವಗಂಗಮ್ಮ ಬಾಗಿಲ ಇನ್ನೊಂದು ಬದಿಗೆ ನಿಂತಿದ್ದ ಮಗನನ್ನು ನೋಡಿದರು. ಅವನು ನೆಲ ನೋಡಿದ. ಅವರು ಲೋಟವನ್ನು ಕಲ್ಲಿನ ಮೇಲಿಟ್ಟು, ಮಂಡಿಗೆ ಕೈಯೂರಿ ಎದ್ದು, ಒಳಗೆ ಹೋಗಿ ನೆಂಟರಿಗೆ ಎಲೆಯಡಿಕೆ ಕೊಟ್ಟು ಕಳಿಸುವ ಕೆಲಸಕ್ಕೆ ನಿಂತರು.

ಎಲ್ಲರೂ ಹೋಗಿ ಮನೆ ಖಾಲಿಯಾದಾಗ ಇನ್ನೂ ಬೆಳಕಿತ್ತು. ನೀಲಾಂಬಿಕೆ ಸೀರೆ ಬದಲಿಸಿ ಗೋಡೆಗೆ ಒರಗಿ ಕೂತಿದ್ದಳು. ಶಿವಗಂಗಮ್ಮ ಬಂದು ಎದುರಿನ ಮಣೆಯ ಮೇಲೆ ಕೂತರು. ರೇಣುಕಪ್ರಸಾದ್, "ಅಂಗಡಿ ಹತ್ರ ಯಾರೋ ಕರೆದಂಗಾಯ್ತು" ಎಂದು ಎದ್ದ.

"ಕೂತ್ಕೋ" ಎಂದರು ಅವರು. ಅವನು ಕೂತ.

"ನಾ ಕಟ್ಟಿಕೊಟ್ಟ ಉಂಡೆ?"

"ತಿಮ್ಮಮ್ಮಂಗೆ ಕೊಟ್ಟೆ ಅತ್ತೆ."

"ಎಲ್ಲಾನೂ?"

"ಅರ್ಧ ಬಿಟ್ಟು."

ಅವರು ತಮ್ಮ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡರು. "ಹಂಗಾದ್ರೆ ಐದು ತಿಂಗ್ಳು ನನ್ ಕೈಯಿಂದ ವಿಷ ಉಣ್ಸಿದ್ಯಲ್ಲೋ ಇವ್ಳಿಗೆ, ತಾಯಿ ಅಂತ ಕರೀತಾ" ಎಂದರು, ಮಗನ ಕಡೆ ನೋಡದೆ.

"ವಿಷ ಅಲ್ಲ ಅತ್ತೆ. ಜಾಗ ಇರ್ಲಿಲ್ಲ."

"ಒಂದ್ ಸಲ ಕೈ ಅಡ್ಡ ಇಟ್ಟಿದ್ರೆ ಏನಾಗ್ತಿತ್ತು ನಿಂಗೆ?"

"ಪ್ರಸಾದ ಬಿಡಬಾರ್ದು ಅಂತ..."

"ಬಿಡಬಾರ್ದು. ಹೌದು." ಶಿವಗಂಗಮ್ಮನ ದನಿ ಏರಿತು. "ಅದ್ಕೇ ಬಡ್ಸೋಳು ಕೇಳಿ ಬಡ್ಸಬೇಕು. ಕೇಳಕ್ಕೆ ನಂಗೆ ಗೊತ್ತಿರ್ಬೇಕಲ್ಲ? ತಪ್ಪು ನನ್ ಕೈಲಿ ಮಾಡ್ಸಿ, ನೀನು ಹಿತ್ಲಲ್ಲಿ ಕೂತು ಕಕ್ಕಿದ್ಯಲ್ಲೇ ಹುಚ್ಚಿ! ನಲ್ಲಿ ಸದ್ದು ಕೇಳ್ದಾಗೆಲ್ಲ ಇವ್ಳು ಎಷ್ಟು ಚೊಕ್ಕಟ ಅಂದ್ಕೊತಿದ್ದೆ ನಾನು."

ಅದಕ್ಕೆ ನೀಲಾಂಬಿಕೆಗೆ ನಗು ಬಂತು, ಜೊತೆಗೆ ಅಳುವೂ. ಎರಡಕ್ಕೂ ಶಕ್ತಿ ಸಾಲದೆ ಸುಮ್ಮನೆ ಕಣ್ಣು ಮುಚ್ಚಿದಳು.

ಮರುದಿನ ಆಸ್ಪತ್ರೆಗೆ ಫೋನು ಮಾಡಿದರು. ಮೂರು ದಿನ ಬರೀ ತೆಳ್ಳನೆಯ ಬೇಳೆಕಟ್ಟು, ನೀರು ಮಜ್ಜಿಗೆ; ಇಂಜೆಕ್ಷನ್ ನಿಲ್ಲಿಸಬೇಡಿ; ಗುರುವಾರ ಮೆತ್ತಗಿನ ಅನ್ನ ಕೊಟ್ಟು ನೋಡಿ, ಅದೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಂದೇ ಹೊರಟು ಬನ್ನಿ ಎಂದರು ಮೇಡಂ. ಫೋನಿನ ಈ ತುದಿಯಲ್ಲಿ ಈ ಸಲ ಶಿವಗಂಗಮ್ಮನೂ ನಿಂತಿದ್ದರು. "ನೀರು ಯಾವಾಗ ಕೊಡ್ಬೇಕು, ಕೇಳು. ಬೇಳೆ ಎಷ್ಟು ಬೇಯ್ಸಬೇಕು, ಕೇಳು" ಎಂದು ಮಗನ ಬೆನ್ನು ತಿವಿಯುತ್ತಿದ್ದರು. ಸೊಸೆಯ ಜೊತೆ ಮಾತ್ರ ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ. ರೇಣುಕಪ್ರಸಾದ್ ಬಟ್ಟೆಯ ಚೀಲವೊಂದನ್ನು ತುಂಬಿ ಬಾಗಿಲ ಬಳಿ ಇಟ್ಟಿದ್ದ, ಬೆಂಗಳೂರಿಗೆಂದು. ಕೃತಿಕಾ ಅದನ್ನು ದಾಟುವಾಗಲೆಲ್ಲ ಒದೆಯುತ್ತಿದ್ದಳು.

ಗುರುವಾರ ಮಧ್ಯಾಹ್ನ. ಅತ್ತೆ ಸೊಸೆ ಇಬ್ಬರೇ. ಶಿವಗಂಗಮ್ಮ ಸೌಟು ಬಿಟ್ಟು ಚಮಚ ಹಿಡಿದಿದ್ದರು.

"ಹೇಳು."

"ಎರಡು."

ಎರಡು ಚಮಚ ಬಿತ್ತು. ಕೈ ಮೂರನೆಯದಕ್ಕೆ ತಾನಾಗೇ ಪಾತ್ರೆಗಿಳಿಯಿತು. ನೀಲಾಂಬಿಕೆ ತಟ್ಟೆಯ ಮೇಲೆ ಅಂಗೈ ಹಿಡಿದಳು. ಶಿವಗಂಗಮ್ಮ ಚಮಚವನ್ನು ಪಾತ್ರೆಯಲ್ಲೇ ಬಿಟ್ಟರು.

ಅವಳು ಅಗಿದಳು, ನಿಧಾನವಾಗಿ. ಒಂದು ಚಮಚ ಮುಗಿಯಿತು. ಎರಡನೆಯದರಲ್ಲಿ ಅರ್ಧ ಮುಗಿಯುತ್ತಲೇ ಎದೆಯ ಕೆಳಗೆ ಆ ಒತ್ತು, ಸಾಕೆನ್ನುವ ಒತ್ತು. ತಟ್ಟೆಯಲ್ಲಿ ಇನ್ನೊಂದು ತುತ್ತಿತ್ತು, ಮಗುವಿನ ತುತ್ತಿನಷ್ಟು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಬಿಟ್ಟ ಮೊದಲ ತುತ್ತು ಅದಾಗುವುದಿತ್ತು. ಇಬ್ಬರೂ ಅದನ್ನೇ ನೋಡಿದರು. ಶಿವಗಂಗಮ್ಮನ ಕೈ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡಿತು. ತುಟಿ ಏನೋ ಅಂದುಕೊಂಡವು.

"ಏಳು" ಎಂದರು ಕೊನೆಗೆ. "ಹೆಚ್ಚು ಹಾಕಿದ್ದು ನಾನು. ಅದು ನನ್ ಲೆಕ್ಕಕ್ಕೆ ಇರ್ಲಿ."

ತಟ್ಟೆಗೆ ನೀರು ಹಾಕಿಕೊಳ್ಳಲು ನೀಲಾಂಬಿಕೆಯ ಕೈ ಅಭ್ಯಾಸದಿಂದ ಚೊಂಬಿನ ಕಡೆ ಹೋಯಿತು. ಅತ್ತೆ ಚೊಂಬನ್ನು ತಮ್ಮ ಕಡೆ ಎಳೆದುಕೊಂಡರು.

"ಅರ್ಧ ಗಂಟೆ ಕಳೀಲಿ. ನಾನೇ ತಂದ್ಕೊಡ್ತೀನಿ. ಹೋಗಿ ಒರ್ಗು."

ಅವಳು ಗೋಡೆ ಹಿಡಿದು ಕೋಣೆಗೆ ನಡೆದಳು. ಬಲಗಾಲಿನ ಬೆರಳು ಇನ್ನೂ ಜುಮ್ಮೆನ್ನುತ್ತಿದ್ದವು. ಅದು ಹೋಗಲು ತಿಂಗಳುಗಳೇ ಬೇಕು ಎಂದಿದ್ದರು. ತಲೆದಿಂಬನ್ನು ಎತ್ತರ ಮಾಡಿಕೊಂಡು ಒರಗಿದಳು. ಹೊರಗೆ ಮೂಡಿಗೆರೆಯ ಬಸ್ಸು ಬಂದು ನಿಂತು, ಜನ ಇಳಿಸಿ ಹೋಯಿತು. ಬರುತ್ತದೆ, ಈಗ ಬರುತ್ತದೆ ಎಂದು ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಹತ್ತು ನಿಮಿಷ ಕಳೆಯಿತು. ಇಪ್ಪತ್ತಾಯಿತು. ಎದೆಯ ಒತ್ತು ಮೆಲ್ಲಗೆ ಸಡಿಲವಾಯಿತು. ಅರ್ಧ ಗಂಟೆಗೆ ಸರಿಯಾಗಿ ಶಿವಗಂಗಮ್ಮ ಲೋಟ ಹಿಡಿದು ಬಾಗಿಲಿಗೆ ಬಂದಾಗ ಸೊಸೆ ನಿದ್ದೆ ಹೋಗಿದ್ದಳು. ಉಂಡದ್ದು ಒಳಗೇ ಉಳಿದಿತ್ತು.